ಮತ್ತಿನಲ್ಲಿ ಮಲಗಿದವನನ್ನು ಕಾಯುವವರು ಯಾರು?

ಗಿರಣಿಯ ಬಾಯ್ಲರಿಗೆ ಒಬ್ಬ ಕಾವಲುಗಾರನುಂಟು. 1923ರ ಬಾಯ್ಲರ್ ಕಾಯ್ದೆಯೂ ಅದರಡಿ ಬಂದ ನಿಯಮಗಳೂ ಸಾರಿ ಹೇಳಿದ್ದು ಇಷ್ಟೇ: ಒಳಗೆ ಒತ್ತಡ ಏರುವ ಯಂತ್ರದ ಮುಂದೆ, ಅದರ ಮುಳ್ಳು ನೋಡಲು ಬಲ್ಲ, ಪರೀಕ್ಷೆ ಪಾಸಾದ ಮನುಷ್ಯನೊಬ್ಬ ಇರಲೇಬೇಕು. ಮಾಲೀಕನಿಗೆ ದುಬಾರಿಯಾಯಿತೆಂದು ಅವನನ್ನು ಪಕ್ಕದ ಗಿರಣಿಗೂ ಓಡಿಸಿ, ಎರಡು ಬಾಯ್ಲರನ್ನು ಒಬ್ಬನ ಕೈಲೇ ನೋಡಿಸಿದರೆ ಕೇಸು ಬೀಳುತ್ತದೆ. ಅಂಗಡಿಯವರ ಮಾತಿಗೆ ಬನ್ನಿ. ನಿಮ್ಮ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳದಿದ್ದರೆ ಇನ್ಸ್‌ಪೆಕ್ಟರು ಬಂದು ದಂಡ ಹಾಕುತ್ತಾನೆ. ಕಾಲು ಕಿಲೋ ಬೇಳೆಯಲ್ಲಿ ಹತ್ತು ಗ್ರಾಂ ಹೆಚ್ಚು ಕಡಿಮೆಯಾದೀತೆಂದು ಸರ್ಕಾರಕ್ಕೆ ಅಷ್ಟು ಕಾಳಜಿ. ಇನ್ನು ನಮ್ಮ ಹುಣಸಮಾರನಹಳ್ಳಿಯ ಆಚೆ, ದೇವನಹಳ್ಳಿಯ ನಿಲ್ದಾಣಕ್ಕೆ ಇಳಿಯುವ ಪ್ರಯಾಣಿಕರ ದೊಡ್ಡ ವಿಮಾನಗಳಲ್ಲಿ ಒಬ್ಬನಲ್ಲ, ಇಬ್ಬರು ಪೈಲಟ್‌ಗಳು ಕೂತಿರುತ್ತಾರೆ. ಒಬ್ಬನಿಗೆ ತಲೆ ಸುತ್ತಿದರೆ ಇನ್ನೊಬ್ಬನಿರಲಿ ಎಂಬ ಏರ್ಪಾಡು ಅದು. ಒಳ್ಳೆಯದೇ. ಕೂತವರ ಪ್ರಾಣ ಅಮೂಲ್ಯ.

ಈಗ ನಮ್ಮ ಪ್ರಶ್ನೆ. ಆಪರೇಷನ್ ಮೇಜಿನ ಮೇಲೆ ಮತ್ತು ಬರಿಸಿ ಮಲಗಿಸಿದ ನೇಕಾರನ ಮುಂದೆ, ಹೆರಿಗೆಗೆ ಹೋದ ಹೆಂಗಸಿನ ಮುಂದೆ, ಹರ್ನಿಯಾ ಹೊಲಿಸಿಕೊಳ್ಳಲು ಹೋದ ಹಮಾಲಿಯ ಮುಂದೆ, ಮೊದಲಿಂದ ಕಡೆಯವರೆಗೆ ಕಣ್ಣು ಕದಲಿಸದೆ ಕೂತು ನೋಡುವ ಮನುಷ್ಯ ಒಬ್ಬನಿದ್ದಾನೆಯೆ? ಇದ್ದರೆ ಅವನ ಹೆಸರೇನು? ಅವನು ಇದ್ದನೆಂದು ಬರೆದಿಟ್ಟ ಕಾಗದ ಎಲ್ಲಿ? ಕಬ್ಬಿಣದ ಹಂಡೆಗೆ ಸಿಕ್ಕುವ ಕಾವಲು ರಕ್ತಮಾಂಸದ ದೇಹಕ್ಕೆ ಸಿಕ್ಕುತ್ತದೆಯೆ?

ನಿಯಮಗಳು ಇಲ್ಲವೆಂದು ನಾವು ಹೇಳುತ್ತಿಲ್ಲ. ಪುಸ್ತಕದಲ್ಲಿ ನಿಯಮಗಳು ಬೇಕಾದಷ್ಟಿವೆ. ಪುಸ್ತಕದ ನಿಯಮ ಆಪರೇಷನ್ ಕೋಣೆಯ ಬಾಗಿಲು ದಾಟಿ ಒಳಗೆ ಹೋಗುತ್ತದೆಯೋ ಇಲ್ಲವೋ ಎಂಬುದೇ ಇಲ್ಲಿನ ತಕರಾರು.

ಇದು ನಿದ್ದೆಯಲ್ಲ

"ಸೂಜಿ ಚುಚ್ಚುತ್ತಾರೆ, ನಿದ್ದೆ ಬರುತ್ತದೆ, ಎದ್ದಾಗ ಎಲ್ಲ ಮುಗಿದಿರುತ್ತದೆ" ಎಂದು ನಮ್ಮ ಜನಕ್ಕೆ ಹೇಳಿ ಕಳಿಸುತ್ತಾರೆ. ಹೆದರಿದವನಿಗೆ ಧೈರ್ಯ ಹೇಳಲು ಆ ಮಾತು ಸರಿ. ಸತ್ಯವೆಂದು ಎಣಿಸಿದರೆ ಮೋಸ. ನಿದ್ದೆಯಲ್ಲಿ ಮೂಗು ಮುಚ್ಚಿದರೆ ಮನುಷ್ಯ ಹೊರಳುತ್ತಾನೆ. ಗಂಟಲಿಗೆ ನೀರು ಹೋದರೆ ಕೆಮ್ಮಿ ಏಳುತ್ತಾನೆ. ಪೂರ್ಣ ಮತ್ತಿನಲ್ಲಿ ಅವನು ಹೊರಳುವುದಿಲ್ಲ, ಕೆಮ್ಮುವುದಿಲ್ಲ. ಮಾಂಸಖಂಡ ಸಡಿಲಿಸುವ ಔಷಧಿಯನ್ನೂ ಕೊಟ್ಟಿದ್ದರೆ ಉಸಿರನ್ನೂ ತಾನೇ ಆಡುವುದಿಲ್ಲ, ಇನ್ನೊಬ್ಬರು ಆಡಿಸಬೇಕು. ನಾಲಗೆ ಹಿಂದಕ್ಕೆ ಬಿದ್ದು ಶ್ವಾಸದ ದಾರಿ ಮುಚ್ಚಿದರೂ "ಉಸಿರು ಕಟ್ಟುತ್ತಿದೆ" ಎಂದು ಹೇಳುವ ಶಕ್ತಿ ಅವನಿಗಿಲ್ಲ. ಹುಟ್ಟಿದಂದಿನಿಂದ ದೇಹ ತನ್ನ ಕಾವಲನ್ನು ತಾನೇ ಕಾಯುತ್ತಿತ್ತು. ಮತ್ತು ಬರಿಸಿದ ಗಳಿಗೆಯಿಂದ ಆ ಕಾವಲನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದಂತಾಯಿತು.

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಕ್ರಮದಲ್ಲಿ ರೋಗಿಗೆ ಎಚ್ಚರವಿರುತ್ತದೆ. ಹಾಗೆಂದು ಅದು ಹಗುರದ ಕೆಲಸವಲ್ಲ. ಚುಚ್ಚಿದ ಕೆಲವೇ ನಿಮಿಷದಲ್ಲಿ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯಬಹುದು. ತುಂಬು ಬಸುರಿಯಲ್ಲಿ ಈ ಕುಸಿತ ಹೆಚ್ಚು. ಮಗುವಿಗೆ ಹೋಗುವ ರಕ್ತವೂ ತಗ್ಗುತ್ತದೆ. ಆಗ ಒಂದೆರಡು ನಿಮಿಷಕ್ಕೊಮ್ಮೆ ಒತ್ತಡ ನೋಡುವ ಕೈ ಬೇಕು; ಕೂಡಲೇ ಔಷಧಿ ಕೊಡುವ ಬುದ್ಧಿ ಬೇಕು.

ಉಸಿರು ನಿಂತ ಮೇಲೆ ಎಷ್ಟು ಹೊತ್ತಿದೆ? ಮುಂಚೆ ಶುದ್ಧ ಆಮ್ಲಜನಕ ಕೊಡದೆ ಉಸಿರು ನಿಂತರೆ ಒಂದೆರಡು ನಿಮಿಷದಲ್ಲೇ ರಕ್ತದ ಆಮ್ಲಜನಕ ಇಳಿಯತೊಡಗುತ್ತದೆ. ಮಿದುಳಿಗೆ ಆಮ್ಲಜನಕ ತಪ್ಪಿದರೆ ನಾಲ್ಕೈದು ನಿಮಿಷದಲ್ಲಿ ತಿದ್ದಲಾಗದ ಹಾನಿ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಎನ್ನಿ. ಅಷ್ಟರಲ್ಲಿ ಕಾವಲಿನವನು ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿದ್ದರೆ, ಅಥವಾ ಇನ್ನೊಂದು ನರ್ಸಿಂಗ್ ಹೋಮಿನ ಕೇಸಿಗೆ ಸ್ಕೂಟರ್ ಹತ್ತಿದ್ದರೆ, ಮನೆಯ ದೀಪ ಆರಿತು.

"ಸಣ್ಣ ಆಪರೇಷನ್" ಎಂಬ ಸುಳ್ಳು

ಬಡವನಿಗೆ ಬರುವ ಕಾಯಿಲೆಗಳು ಬಹುಮಟ್ಟಿಗೆ "ಸಣ್ಣ" ಕಾಯಿಲೆಗಳೇ. ಭಾರ ಎತ್ತಿದವನಿಗೆ ಹರ್ನಿಯಾ. ದಿನವಿಡೀ ಕೂತು ಕೆಲಸ ಮಾಡುವ ಅಂಗಡಿಯವನಿಗೆ ಮೂಲವ್ಯಾಧಿ. ಹುಡುಗನಿಗೆ ಅಪೆಂಡಿಕ್ಸ್. ಹೆಂಗಸಿಗೆ ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆ, ಸಿಸೇರಿಯನ್ ಹೆರಿಗೆ, ಮಕ್ಕಳಾಗದ ಆಪರೇಷನ್. ಮಗ್ಗಕ್ಕೆ ಕೈ ಸಿಕ್ಕಿದವನಿಗೆ ಮೂಳೆ ಜೋಡಣೆ. ಸಿಸೇರಿಯನ್ನಿನ ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100 ಹೆರಿಗೆಗೆ 21.5, ಕರ್ನಾಟಕದಲ್ಲಿ 31.5. ಅಂದರೆ ನಮ್ಮ ರಾಜ್ಯದಲ್ಲಿ ಹೆರುವ ಮೂವರು ತಾಯಂದಿರಲ್ಲಿ ಹೆಚ್ಚುಕಡಿಮೆ ಒಬ್ಬಳು ಆಪರೇಷನ್ ಮೇಜು ಹತ್ತುತ್ತಾಳೆ. ಇದು ಎಲ್ಲೋ ಯಾರಿಗೋ ಆಗುವ ಮಾತಲ್ಲ, ಪ್ರತಿ ಬೀದಿಯ ಮಾತು.

ಕತ್ತಿಯ ಕೆಲಸ ಸಣ್ಣದಿರಬಹುದು, ಮತ್ತು ಸಣ್ಣದಲ್ಲ. ಇದನ್ನು ಲೋಕ ಮೊದಲು ಕಲಿತದ್ದು 1848ರ ಜನವರಿ 28ರಂದು. ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯಬೇಕಾಗಿತ್ತು. ಕ್ಲೋರೋಫಾರಂ ಮೂಸಿಸಿದರು. ಕೆಲವೇ ನಿಮಿಷದಲ್ಲಿ ಹುಡುಗಿ ತೀರಿಹೋದಳು. ಕ್ಲೋರೋಫಾರಂ ಬಳಕೆಗೆ ಬಂದು ಆಗಿನ್ನೂ ಮೂರು ತಿಂಗಳಾಗಿರಲಿಲ್ಲ. ಅವಳನ್ನು ಕೊಂದದ್ದು ಉಗುರಿನ ಕಾಯಿಲೆಯಲ್ಲ. ಇಂದಿಗೂ "ಸಣ್ಣ ಆಪರೇಷನ್, ಅರ್ಧ ಗಂಟೆ" ಎಂಬ ಮಾತಿನಡಿಯಲ್ಲೇ ಕಾವಲಿಗೆ ಕತ್ತರಿ ಬೀಳುತ್ತದೆ. ದೊಡ್ಡ ಆಪರೇಷನ್ನಿಗೆ ದೊಡ್ಡ ಸಿದ್ಧತೆ, ಸಣ್ಣದಕ್ಕೆ "ನಡೆಯುತ್ತೆ ಬಿಡಿ."

ಹೈದರಾಬಾದಿನ ಪಾಠ

ಕಾವಲಿನವನು ಏನನ್ನು ನೋಡಬೇಕು ಎಂಬ ಜಗಳ ನಮ್ಮ ನೆರೆಯಲ್ಲೇ ನಡೆದು ಲೋಕಪ್ರಸಿದ್ಧವಾಯಿತು. ಕಲಬುರಗಿ, ರಾಯಚೂರು, ಬೀದರ್‌ಗಳು ನಿಜಾಮನ ರಾಜ್ಯದಲ್ಲಿದ್ದ ಕಾಲ. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಂಬಾತ 1888ರಲ್ಲಿ ಒಂದು ಕ್ಲೋರೋಫಾರಂ ಕಮಿಷನ್, 1889ರಲ್ಲಿ ಇನ್ನೊಂದು ನಡೆಸಿದ. ಎರಡನೆಯದಕ್ಕೆ ನಿಜಾಮನ ಬೊಕ್ಕಸದ ಹಣ ಹರಿಯಿತು. ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ತಜ್ಞನೇ ಹಡಗು ಹತ್ತಿ ಬಂದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ತೀರ್ಪು ಹೊರಬಿತ್ತು: ಕ್ಲೋರೋಫಾರಂನಿಂದ ಮೊದಲು ನಿಲ್ಲುವುದು ಉಸಿರೇ, ಉಸಿರನ್ನು ನೋಡುತ್ತಿದ್ದರೆ ಸಾಕು, ನಾಡಿಯ ಚಿಂತೆ ಬೇಡ.

ಅರ್ಧ ಸತ್ಯ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ ತೋರಿಸಿದ: ಹಗುರ ಕ್ಲೋರೋಫಾರಂನಲ್ಲಿ ಹೃದಯವೇ ತಾಳ ತಪ್ಪಿ ಥಟ್ಟನೆ ನಿಲ್ಲಬಲ್ಲದು. ಆದರೆ ಈ ಜಗಳದಲ್ಲಿ ನಾವು ಹಿಡಿದುಕೊಳ್ಳಬೇಕಾದ ತಿರುಳು ಬೇರೆ ಇದೆ. ಉಸಿರು ನೋಡು ಎಂದವರೂ, ನಾಡಿ ಹಿಡಿ ಎಂದವರೂ, ಯಾರೂ "ನೋಡುವವನೇ ಬೇಡ" ಎಂದು ಹೇಳಲಿಲ್ಲ. ಅದೇ ಹೈದರಾಬಾದಿನಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಹೆಣ್ಣುಮಗಳು ಲಾರಿಯ ಕೈಕೆಳಗೆ ಕ್ಲೋರೋಫಾರಂ ಕೊಡುವುದನ್ನೇ ವೃತ್ತಿಯಾಗಿ ಕಲಿತು, ಮತ್ತು ಬರಿಸುವ ಕೆಲಸಕ್ಕೆ ನಿಂತ ಲೋಕದ ಮೊದಲ ಮಹಿಳೆಯರ ಸಾಲಿಗೆ ಸೇರಿದಳು. ಅರಸೊತ್ತಿಗೆಯ ಕಾಲದಲ್ಲೂ ಆ ಕೆಲಸಕ್ಕೆಂದೇ ಒಬ್ಬರಿದ್ದರು. ಪ್ರಜಾರಾಜ್ಯದಲ್ಲಿ ಸರ್ಜನ್ ತಾನೇ ಬೆನ್ನಿಗೆ ಚುಚ್ಚಿ, ತಾನೇ ಕತ್ತಿ ಹಿಡಿದು, ಕಾವಲಿಗೆ ಆಯಾಳನ್ನು ನಿಲ್ಲಿಸಿದರೆ ಅದನ್ನು ಮುನ್ನಡೆ ಎನ್ನಬೇಕೆ?

ಯಂತ್ರ ಮತ್ತು ಕಣ್ಣು

ಈಗ ಯಂತ್ರಗಳ ಮಾತು. ಕೋವಿಡ್ ಬಂದಾಗ ಮನೆಮನೆಯಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನಿಮಗೆ ಗೊತ್ತು. ಅದರ ತತ್ವವನ್ನು 1974ರಲ್ಲಿ ಕಂಡುಹಿಡಿದವರು ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿ ಮಿಡಿದಾಗ ಎಷ್ಟು ಬೆಳಕು ಇಂಗಿತೆಂದು ಅಳೆದು, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅದು ಹೇಳುತ್ತದೆ. ಆರೋಗ್ಯವಂತನಿಗೆ 95ರ ಮೇಲೆ. 90ರ ಕೆಳಗೆ ಬಂದರೆ ಗಂಡಾಂತರ.

ಇದು ಬರುವ ಮುಂಚೆ ತುಟಿ, ಉಗುರು ನೀಲಿಯಾಗುವುದನ್ನು ಕಾಯುತ್ತಿದ್ದರು. 1947ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದರೆ, ಆಮ್ಲಜನಕ 80ರ ಆಸುಪಾಸಿಗೆ ಇಳಿಯುವ ತನಕ ಹೆಚ್ಚಿನವರ ಕಣ್ಣಿಗೆ ನೀಲಿ ಸ್ಪಷ್ಟವಾಗಿ ಕಾಣಲೇ ಇಲ್ಲ. ನಮ್ಮ ಕಪ್ಪು ಮೈಯವರಲ್ಲಿ, ಮಂಕು ದೀಪದಲ್ಲಿ ಕೇಳಬೇಕೆ? ಹಾಗೆಂದು ಆಕ್ಸಿಮೀಟರನ್ನು ದೇವರೆಂದು ನಂಬಲೂ ಬಾರದು. ತಣ್ಣಗಾದ ಬೆರಳಿನಲ್ಲಿ, ಉಗುರು ಬಣ್ಣ ಹಚ್ಚಿದ ಬೆರಳಿನಲ್ಲಿ ಅದು ತಪ್ಪು ಹೇಳಬಹುದು. ಬಿಳಿಯರಿಗಿಂತ ಕಪ್ಪು ಜನರಲ್ಲಿ ಅದು ಅಪಾಯವನ್ನು ಮರೆಮಾಚುವುದು ಹತ್ತಿರ ಹತ್ತಿರ ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರೇ ಬರೆದರು. ಯಂತ್ರ ಮಾಡಿದವನು ಯಾರ ಮೈಬಣ್ಣ ನೋಡಿ ಅಳತೆ ಕೂರಿಸಿದನೋ ಯೋಚಿಸಿ.

ಆದ್ದರಿಂದಲೇ ಒಂದೇ ಯಂತ್ರ ಸಾಲದು. ಹೊರಗೆ ಬಿಡುವ ಉಸಿರಿನಲ್ಲಿ ಇಂಗಾಲದ ಅನಿಲ ಅಳೆಯುವ ಕ್ಯಾಪ್ನೋಗ್ರಾಫ್ ಎಂಬುದುಂಟು. ಶ್ವಾಸಕೋಶಕ್ಕೆ ಹೋಗಬೇಕಾದ ಕೊಳವೆ ತಪ್ಪಿ ಅನ್ನನಾಳಕ್ಕೆ ಹೋದರೆ, ನಾಲ್ಕಾರು ಉಸಿರಿನೊಳಗೆ ಅದು ಹೇಳಿಬಿಡುತ್ತದೆ. ಆಕ್ಸಿಮೀಟರ್ ಅದನ್ನು ಹೇಳುವ ಹೊತ್ತಿಗೆ ನಿಮಿಷಗಳೇ ಕಳೆದಿರುತ್ತವೆ. ರಕ್ತದೊತ್ತಡವನ್ನು ಕನಿಷ್ಠ ಐದು ನಿಮಿಷಕ್ಕೊಮ್ಮೆ ನೋಡಬೇಕು. ಹೃದಯದ ಗೆರೆ ಪರದೆಯ ಮೇಲೆ ಓಡುತ್ತಿರಬೇಕು. ಮೈ ತಣ್ಣಗಾಗದಂತೆ ಕಾಯಬೇಕು. ಇವೆಲ್ಲ ಇದ್ದರೂ, ಗಂಟೆ ಬಾರಿಸಿದಾಗ ಓಡಿಬಂದು ಕಾರಣ ಹುಡುಕಿ ಸರಿಪಡಿಸುವ ಮನುಷ್ಯನಿಲ್ಲದಿದ್ದರೆ, ಊರೆಲ್ಲ ಮಲಗಿದಾಗ ಕೂಗುವ ಕೋಳಿಯಂತೆ ಯಂತ್ರ ತಾನೊಂದೇ ಕೂಗಿಕೊಳ್ಳುತ್ತಿರುತ್ತದೆ.

ಕಾವಲಿನಿಂದ ಪ್ರಾಣ ಉಳಿಯುತ್ತದೆಯೆ ಎಂದು ಸಂಶಯಪಡುವವರಿಗೆ ಲೆಕ್ಕವಿದೆ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಲೋಕದ ನಾನಾ ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿತು. 1970ಕ್ಕೆ ಮುಂಚೆ, ಮತ್ತು ಬರಿಸಿದ್ದರಿಂದಲೇ ಆದ ಸಾವು 10 ಲಕ್ಷಕ್ಕೆ 357. 1990ರಿಂದೀಚೆಗೆ 34. ಹೊಸ ಔಷಧಿ, ಒಳ್ಳೆಯ ತರಬೇತಿ, ಯಂತ್ರ, ನಿಯಮ ಎಲ್ಲ ಕೂಡಿ ಆದ ಕೆಲಸವಿದು. 1986ರಲ್ಲಿ ಹಾರ್ವರ್ಡಿನ ಆಸ್ಪತ್ರೆಗಳು ತಮ್ಮೊಳಗೆ ಒಂದು ನಿಯಮ ಮಾಡಿಕೊಂಡು ಲೋಕಕ್ಕೆ ಸಾರಿದವು. ಅದರಲ್ಲಿ ಮೊದಲ ಮಾತೇ ಮತ್ತು ಕೊಟ್ಟವನು ರೋಗಿಯನ್ನು ಬಿಟ್ಟು ಕದಲಕೂಡದೆಂಬುದು. ಯಂತ್ರಗಳ ಮಾತು ಆಮೇಲೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಒಂದು ಹಾಳೆ ಹೊರಡಿಸಿತು. ಮತ್ತು ಕೊಡುವ ಮುಂಚೆ, ಕತ್ತಿ ಹಾಕುವ ಮುಂಚೆ, ರೋಗಿಯನ್ನು ಹೊರಗೆ ಒಯ್ಯುವ ಮುಂಚೆ, ಮೂರು ಬಾರಿ ನಿಂತು ಗಟ್ಟಿಯಾಗಿ ಓದಿ ಗುರುತು ಹಾಕಬೇಕು. ಆಕ್ಸಿಮೀಟರ್ ಬೆರಳಿಗೆ ಹಾಕಿ ನಡೆಯುತ್ತಿದೆಯೆ ಎಂಬುದು ಮೊದಲ ಸುತ್ತಿನ ಪ್ರಶ್ನೆ. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಈ ಹಾಳೆ ಬಳಸಿದಾಗ ಸಾವು 100ಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಒಂದು ಹಾಳೆಗೆ ಬೆಲೆ ಎಷ್ಟು? ನಾಲ್ಕಾಣೆಯೂ ಇಲ್ಲ.

"ಹಣವಿಲ್ಲ, ಜನವಿಲ್ಲ"

ಇಲ್ಲಿಗೆ ಎದುರಾಳಿಗಳು ಎದ್ದು ನಿಲ್ಲುತ್ತಾರೆ. ಬಡ ದೇಶ, ಹಣವೆಲ್ಲಿ ಎನ್ನುತ್ತಾರೆ. ನಗರದ ಸುತ್ತ ಸುರಂಗ ಕೊರೆಯಲು, ಮೇಲ್ಸೇತುವೆ ಕಟ್ಟಲು ಸಾವಿರಾರು ಕೋಟಿಯ ಯೋಜನೆ ಬರೆಯುವವರ ಬಾಯಲ್ಲಿ ಈ ಮಾತು ಶೋಭಿಸದು. ನಮ್ಮ ಹಣವನ್ನು ಮುಂಚೆಯೇ ಕಿತ್ತುಕೊಂಡಾಗಿದೆ. 2019ರ ಜುಲೈಯಿಂದ ಇ.ಎಸ್.ಐ.ಗೆ ಕಾರ್ಮಿಕನ ಕೂಲಿಯಿಂದ 100ಕ್ಕೆ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ. ಸಂಬಳದ ಚೀಟಿ ತೆಗೆದು ನೋಡಿ. ಅದು ಭಿಕ್ಷೆಯಲ್ಲ, ನಮ್ಮದೇ ಗಂಟು. ಅಂಗಡಿಯವರಿಗಂತೂ ಇ.ಎಸ್.ಐ.ಯೂ ಇಲ್ಲ, ವಿಮೆಯ ಕಂತು ಕಟ್ಟಬೇಕು, ಇಲ್ಲವೆ ಆಭರಣ ಅಡವಿಡಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಎಂದರು. ರೇಖೆಯ ಮೇಲೆ ಒಂದಂಗುಲ ನಿಂತ ಚಿಲ್ಲರೆ ವ್ಯಾಪಾರಿಗೆ ಪ್ಯಾಕೇಜಿನ ನೂರಕ್ಕೆ ಮೂವತ್ತು. ಉಳಿದ ಎಪ್ಪತ್ತನ್ನು ಅವನು ಎಲ್ಲಿಂದ ತರಬೇಕು? ಕೊಟ್ಟ ಹಣಕ್ಕೆ ಕಾವಲೂ ಇದೆಯೆ ಎಂದು ಕೇಳುವುದು ಗಿರಾಕಿಯ ಹಕ್ಕಲ್ಲವೆ?

ಎರಡನೆಯ ಮಾತು: ಮತ್ತು ಬರಿಸುವ ವೈದ್ಯರೇ ಸಾಲದು ಎನ್ನುತ್ತಾರೆ. ಇದು ನಿಜ, ಆದರೆ ಈ ನಿಜವನ್ನು ಸೃಷ್ಟಿಸಿದವರು ಯಾರು? ಸರ್ಜನ್, ಅರಿವಳಿಕೆ ವೈದ್ಯ, ಹೆರಿಗೆ ತಜ್ಞ ಈ ಮೂವರೂ ಸೇರಿ ಲಕ್ಷ ಜನಕ್ಕೆ ಕನಿಷ್ಠ 20 ಮಂದಿ ಇರಬೇಕೆಂದು 2015ರ ಲ್ಯಾನ್ಸೆಟ್ ಆಯೋಗ ಹೇಳಿತು. ನಮ್ಮಲ್ಲಿ ಕೊರತೆಯೆಂಬುದನ್ನು ಸರ್ಕಾರವೇ ಒಪ್ಪಿ, ಎಂ.ಬಿ.ಬಿ.ಎಸ್. ವೈದ್ಯರಿಗೆ ಮೊದಲು 18 ವಾರಗಳ ತರಬೇತಿ ಕೊಟ್ಟು ಹೆರಿಗೆ ಆಪರೇಷನ್ನಿಗೆ ಮತ್ತು ಬರಿಸಲು ಕಲಿಸುವ ಯೋಜನೆ ತಂದಿತು. ಬುದ್ಧಿವಂತ ಯೋಜನೆ. ಆದರೆ ಕಲಿತವನನ್ನು ಕಲಿತ ಕೆಲಸಕ್ಕೆ ಹಚ್ಚಿ, ಯಂತ್ರ ಕೊಟ್ಟು, ಅದೇ ಆಸ್ಪತ್ರೆಯಲ್ಲಿ ಉಳಿಸಿಕೊಂಡರೆ ಮಾತ್ರ ಯೋಜನೆ ಫಲಿಸುತ್ತದೆ.

ಮತ್ತು ಬರಿಸುವ ವೈದ್ಯನ ಪಾಡನ್ನೂ ನೋಡಬೇಕು. ಅವನು ನಮ್ಮ ಶತ್ರುವಲ್ಲ. ಖಾಸಗಿ ಲೋಕದಲ್ಲಿ ಅವನೂ ಒಂದು ಬಗೆಯ ಕೂಲಿಯೇ. ರೋಗಿ ಅವನನ್ನು ಹುಡುಕಿಕೊಂಡು ಬರುವುದಿಲ್ಲ. ಸರ್ಜನ್ ಫೋನ್ ಮಾಡಿದಾಗ ಓಡಬೇಕು, ಕೇಸಿಗಿಷ್ಟೆಂದು ಪಡೆಯಬೇಕು, ಬಿಲ್ಲಿನಲ್ಲಿ ಅವನ ಹೆಸರು ಹುಡುಕಿದರೂ ಸಿಕ್ಕದು. "ಈ ರೋಗಿಗೆ ಇಂದು ಬೇಡ, ಒತ್ತಡ ಸರಿಯಾಗಲಿ" ಎಂದರೆ, ಅಥವಾ "ಮಾನಿಟರ್ ಇಲ್ಲದೆ ಮುಟ್ಟುವುದಿಲ್ಲ" ಎಂದರೆ, ನಾಳೆಯಿಂದ ಫೋನ್ ಬರುವುದು ನಿಲ್ಲುತ್ತದೆ. ಪೀಸ್ ರೇಟಿನ ಮೇಲೆ ಮಗ್ಗ ಓಡಿಸುವ ನಮ್ಮ ದೊಡ್ಡಬಳ್ಳಾಪುರದ ನೇಕಾರನಿಗೆ ಈ ಹಿಂಸೆ ಬಿಡಿಸಿ ಹೇಳಬೇಕಾಗಿಲ್ಲ. ಪೀಸ್ ರೇಟು ಸೀರೆಯ ಅಂಚು ಕೆಡಿಸುತ್ತದೆ. ಆಪರೇಷನ್ ಕೋಣೆಯಲ್ಲಿ ಪ್ರಾಣ ಕೆಡಿಸುತ್ತದೆ. ಅಲ್ಲಿನ ನರ್ಸು, ಟೆಕ್ನಿಷಿಯನ್, ವಾರ್ಡ್ ಬಾಯ್‌ಗಳನ್ನು ಹೊರಗುತ್ತಿಗೆಯಲ್ಲಿ ದುಡಿಸಿದರೆ, ನಾಳೆ ಕೆಲಸವಿದೆಯೋ ಇಲ್ಲವೋ ತಿಳಿಯದವರು ದೊಡ್ಡ ಡಾಕ್ಟರ ಮುಂದೆ "ಸ್ವಾಮಿ, ಆಮ್ಲಜನಕ ಇಳಿಯುತ್ತಿದೆ" ಎಂದು ಬಾಯಿ ಬಿಟ್ಟಾರೆಯೆ?

ಅವಸರದ ಲೆಕ್ಕ, ಸತ್ತವರ ಲೆಕ್ಕ

ಅವಸರಕ್ಕೆ ಕಾವಲನ್ನು ಬಲಿಕೊಟ್ಟರೆ ಏನಾಗುತ್ತದೆಂಬುದಕ್ಕೆ ದೇಶದಲ್ಲಿ ಸಾಕ್ಷಿಯಿದೆ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ ಒಬ್ಬ ಸರ್ಜನ್ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಗಳಲ್ಲಿ, 83 ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದ. ಆ ವಾರದಲ್ಲಿ 13 ಹೆಂಗಸರು ಸತ್ತರು. ಗುರಿ ಮುಟ್ಟಿಸುವ ಅವಸರ. ಮೇಲಿನಿಂದ ಅಂಕಿ, ಕೆಳಗೆ ಹೆಣ. ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಮ್ಮ ರಾಜ್ಯಕ್ಕೆ ಬನ್ನಿ. ನಮ್ಮ ಊರ ಮುಂದಿನ ರಸ್ತೆಗೆ ಬಳ್ಳಾರಿ ರಸ್ತೆ ಎಂದೇ ಹೆಸರು. ಆ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ಹಾಸಿಗೆ ಹಿಡಿದು, ಡಿಸೆಂಬರಿನ ಮೊದಲ ವಾರದೊಳಗೆ ಐವರು ತೀರಿಹೋದರು. ಪಶ್ಚಿಮ ಬಂಗಾಳದ ಕಂಪನಿಯೊಂದರಲ್ಲಿ ತಯಾರಾದ, ರಕ್ತನಾಳಕ್ಕೆ ಹನಿಸುವ ದ್ರವದ ಮೇಲೆ ಅನುಮಾನ ಬಿತ್ತು. ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತು ಮಾಡಿತು. ಇದು ಮತ್ತಿನ ಸಾವಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಸರಿ. ಆದರೆ ಕಾವಲು ಎಂಬುದು ಪರದೆಯ ಮೇಲಿನ ಗೆರೆ ಮಾತ್ರವೆ? ಬಾಟಲಿಯೊಳಗೆ ಏನಿದೆ ಎಂದು ನೋಡುವವನೂ ಕಾವಲಿನವನೇ. ಆಪರೇಷನ್ ಮುಗಿದ ರಾತ್ರಿ ತಾಯಿಯ ಮೂತ್ರ ಎಷ್ಟು ಹೋಯಿತೆಂದು ಅಳೆಯುವವಳೂ ಕಾವಲಿನವಳೇ. ಹೊಲಿಗೆ ಹಾಕಿದ ಕೂಡಲೇ ಗಂಡಾಂತರ ಕಳೆಯಿತೆಂದು ತಿಳಿಯುವುದು ದೊಡ್ಡ ತಪ್ಪು. ಮತ್ತಿನ ಅಂಶ ಮೈಯಲ್ಲಿ ಇನ್ನೂ ಇರುತ್ತದೆ, ಉಸಿರು ಮಂದವಾಗಬಹುದು, ಒಳಗೆ ರಕ್ತ ಸೋರಬಹುದು. ಆ ಹೊತ್ತಿಗೆ ಸರ್ಜನ್ ಮನೆಗೆ, ಅರಿವಳಿಕೆ ವೈದ್ಯ ಇನ್ನೊಂದು ಕೇಸಿಗೆ. ವಾರ್ಡಿನಲ್ಲಿ ನಲವತ್ತು ಹಾಸಿಗೆಗೆ ಒಬ್ಬ ನರ್ಸು ಇದ್ದರೆ ಅವಳು ಯಾರ ನಾಡಿ ಹಿಡಿಯಬೇಕು?

ಕಲಿಯುವವರಿಗೆ ಒಂದು ಮಾತು

ಬೆಂಗಳೂರಿನ ಉತ್ತರದ ಈ ಭಾಗದಲ್ಲಿ ವೈದ್ಯ, ದಂತ, ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ನಮ್ಮ ಹುಣಸಮಾರನಹಳ್ಳಿಯಲ್ಲೇ ದಂತ ವೈದ್ಯ ಕಾಲೇಜಿದೆ. ಆ ಹುಡುಗ ಹುಡುಗಿಯರಿಗೆ ನಮ್ಮ ಮಾತು ಮುಟ್ಟಬೇಕು. ಎಂ.ಬಿ.ಬಿ.ಎಸ್. ಮುಗಿಸಿದವನ ಒಂದು ವರ್ಷದ ಇಂಟರ್ನ್‌ಷಿಪ್‌ನಲ್ಲಿ, 2021ರ ನಿಯಮದ ಪ್ರಕಾರ, ಅರಿವಳಿಕೆ ಮತ್ತು ತುರ್ತು ನಿಗಾ ವಿಭಾಗಕ್ಕೆ ಸಿಕ್ಕಿದ್ದು 2 ವಾರ. ಆ ಎರಡು ವಾರವನ್ನೂ ಮುಂದಿನ ಪ್ರವೇಶ ಪರೀಕ್ಷೆಯ ಪುಸ್ತಕ ಓದಿ ಕಳೆಯಬೇಡಿ. ರೋಗಿಯ ತಲೆಯ ಬಳಿ ಕೂತು, ಮಾನಿಟರ್ ನೋಡುವುದರ ಜೊತೆಗೆ ಕೈಯಿಂದ ನಾಡಿ ಹಿಡಿದು, ಎದೆ ಏರಿಳಿಯುವುದನ್ನು ಕಣ್ಣಿಂದ ನೋಡಿ ಕಲಿಯಿರಿ.

ನಿಮ್ಮ ವಯಸ್ಸಿನವನೇ ಒಬ್ಬ ಇದ್ದ. 1893ರಲ್ಲಿ ಬಾಸ್ಟನ್ನಿನಲ್ಲಿ ಹಾರ್ವೆ ಕುಷಿಂಗ್ ಎಂಬ ವಿದ್ಯಾರ್ಥಿ ಈಥರ್ ಕೊಟ್ಟ ರೋಗಿ ಮೇಜಿನ ಮೇಲೇ ಸತ್ತ. ಆ ಹುಡುಗ ಬೇಸತ್ತು ವೈದ್ಯಶಾಸ್ತ್ರವನ್ನೇ ಬಿಡಲು ಹೊರಟಿದ್ದ. ಬಿಡಲಿಲ್ಲ. ತನ್ನ ಸಹಪಾಠಿ ಕಾಡ್‌ಮನ್‌ನ ಜೊತೆ ಸೇರಿ, ಕೆಲವೇ ನಿಮಿಷಕ್ಕೊಮ್ಮೆ ನಾಡಿ ಎಷ್ಟು, ಉಸಿರು ಎಷ್ಟು ಎಂದು ಗೆರೆ ಎಳೆದು ಗುರುತಿಸುವ ಹಾಳೆ ಮಾಡಿದ. ಇಂದು ಲೋಕದ ಪ್ರತಿ ಆಪರೇಷನ್ ಕೋಣೆಯಲ್ಲಿರಬೇಕಾದ ಅರಿವಳಿಕೆ ಪಟ್ಟಿಯ ಮೂಲ ಅದೇ. ಪ್ರೊಫೆಸರುಗಳಿಗೆ ಹೊಳೆಯದ್ದು ಇಬ್ಬರು ವಿದ್ಯಾರ್ಥಿಗಳಿಗೆ ಹೊಳೆಯಿತು. ಬರೆದಿಡಬೇಕಾದವನು ನೋಡಲೇಬೇಕಾಗುತ್ತದೆ ಎಂಬುದೇ ಅದರ ಗುಟ್ಟು. ಆಪರೇಷನ್ ಮುಗಿದ ಮೇಲೆ ಕೂತು ಅಂದಾಜಿನ ಮೇಲೆ ತುಂಬಿದ ಪಟ್ಟಿ, ಕಳ್ಳ ಲೆಕ್ಕದ ಪುಸ್ತಕಕ್ಕೆ ಸಮ.

ನಮ್ಮ ಬೇಡಿಕೆಗಳು

ಅಳುವುದರಿಂದ ಕಾವಲು ಬರುವುದಿಲ್ಲ. ಕಲ್ಲು ತೂರಿ ಆಸ್ಪತ್ರೆಯ ಗಾಜು ಒಡೆದರೂ ಬರುವುದಿಲ್ಲ. ಒಡೆದ ಗಾಜಿನ ಬೆಲೆ ಮುಂದಿನ ರೋಗಿಯ ಬಿಲ್ಲಿಗೆ ಸೇರುತ್ತದೆ, ಕೈಗೆ ಸಿಕ್ಕಿ ಏಟು ತಿನ್ನುವವಳು ಬಡ ನರ್ಸು. ಸಂಘಟಿತರಾಗಿ ಕೇಳಬೇಕು. ನಾವು ಕೇಳುವುದು ಇಷ್ಟು:

ಒಂದು, ಸರ್ಕಾರಿ, ಖಾಸಗಿ, ಇ.ಎಸ್.ಐ. ಎನ್ನದೆ ಪ್ರತಿ ಆಪರೇಷನ್ ಕೋಣೆಯ ಹೊರಗೆ, ಇಂದು ಮತ್ತು ಬರಿಸುವವರು ಯಾರು, ಅವರ ಪದವಿ ಏನು ಎಂಬ ಫಲಕ ಕನ್ನಡದಲ್ಲಿ ಇರಲಿ. ಒಬ್ಬರ ಹೆಸರು ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿದರೆ ಎರಡೂ ಕಡೆ ಬೀಗ ಬೀಳಲಿ.

ಎರಡು, ಆಕ್ಸಿಮೀಟರ್, ರಕ್ತದೊತ್ತಡ ಯಂತ್ರ, ಹೃದಯದ ಮಾನಿಟರ್, ಆಮ್ಲಜನಕ, ಕಫ ಎಳೆಯುವ ಯಂತ್ರ ಇಲ್ಲದ ಕೋಣೆಯಲ್ಲಿ ಕತ್ತಿ ಮುಟ್ಟಕೂಡದು. ಪೂರ್ಣ ಮತ್ತು ಕೊಡುವಲ್ಲಿ ಕ್ಯಾಪ್ನೋಗ್ರಾಫ್ ಇರಲಿ. ತಕ್ಕಡಿಗೆ ಮುದ್ರೆ ಹಾಕುವಂತೆ ಈ ಯಂತ್ರಗಳಿಗೂ ವರ್ಷಕ್ಕೊಮ್ಮೆ ಪರೀಕ್ಷೆಯ ಮುದ್ರೆ ಬೀಳಲಿ.

ಮೂರು, ಆಪರೇಷನ್ ಮುಗಿದ ಮೇಲೆ ರೋಗಿ ಪೂರ್ಣ ಎಚ್ಚರಗೊಳ್ಳುವ ತನಕ ಕಾಯುವ ಕೋಣೆಯೂ ಅಲ್ಲಿಗೆ ತರಬೇತಾದ ಕಾಯಂ ನರ್ಸೂ ಬೇಕು. ಹೊರಗುತ್ತಿಗೆ ತೊಲಗಲಿ.

ನಾಲ್ಕು, ತಾಲ್ಲೂಕು ಆಸ್ಪತ್ರೆಗಳಲ್ಲಿ ಖಾಲಿ ಇರುವ ಅರಿವಳಿಕೆ ವೈದ್ಯರ ಹುದ್ದೆಗಳನ್ನು ತುಂಬಿ, ಒಳ್ಳೆಯ ಸಂಬಳ ಕೊಡಲಿ. ಖಾಸಗಿಯಲ್ಲಿ ಅವರ ಹೆಸರನ್ನೂ ಶುಲ್ಕವನ್ನೂ ಬಿಲ್ಲಿನಲ್ಲಿ ಪ್ರತ್ಯೇಕ ತೋರಿಸಲಿ.

ಐದು, ಮೇಜಿನ ಮೇಲೆ ಅಥವಾ ಆ ಬಳಿಕ ಆಸ್ಪತ್ರೆಯಲ್ಲಿ ಆದ ಪ್ರತಿ ಸಾವನ್ನು ಜಿಲ್ಲಾ ಮಟ್ಟದಲ್ಲಿ ತನಿಖೆ ಮಾಡಿ, ರೋಗಿಯ ಹೆಸರು ಬಿಟ್ಟು, ಕಾರಣವನ್ನು ಪ್ರಕಟಿಸಲಿ. ಬೈಯಲಿಕ್ಕಲ್ಲ, ಕಲಿಯಲಿಕ್ಕೆ.

ಇವನ್ನು ಕೇಳಿದರೆ ಏನಾಗುತ್ತದೆಂಬುದೂ ನಮಗೆ ತಿಳಿದಿದೆ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ಆಸ್ಪತ್ರೆಗಳಿಗೆ ಬೀಗ ಹಾಕಿ ಬೆಳಗಾವಿಗೆ ಹೊರಟರು. ಕಡೆಗೆ ಜೈಲಿನ ಶಿಕ್ಷೆಯ ಮಾತು ಕಾಯ್ದೆಯಿಂದ ಬಿಟ್ಟುಹೋಯಿತು. ಸಂಘಟನೆಯ ಶಕ್ತಿ ಏನೆಂದು ಅವರು ನಮಗೆ ಪುಕ್ಕಟೆ ಪಾಠ ಹೇಳಿಕೊಟ್ಟರು. ಆ ಪಾಠವನ್ನು ನಾವೂ ಕಲಿಯೋಣ.

ಇಂದೇ ಮಾಡಬಹುದಾದ್ದು

ಕಾಯ್ದೆ ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ನಿಮ್ಮ ಮನೆಯವರಿಗೆ ಆಪರೇಷನ್ ಗೊತ್ತಾದರೆ ಸಹಿ ಹಾಕುವ ಮುಂಚೆ ಕೇಳಿ: ಮತ್ತು ಕೊಡುವವರು ಯಾರು, ಅವರನ್ನು ನೋಡಬಹುದೆ, ಕಡೆಯವರೆಗೆ ಅವರು ಇರುತ್ತಾರೆಯೆ, ರಾತ್ರಿ ನೋಡಿಕೊಳ್ಳುವವರು ಯಾರು? ಮರ್ಯಾದೆಯಿಂದ ಕೇಳಿ, ಆದರೆ ಕೇಳದೆ ಬಿಡಬೇಡಿ. ನಾವೂ ಸತ್ಯ ಹೇಳಬೇಕು. ಬೀಡಿ, ಸಾರಾಯಿ, ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆ, ಅಲ್ಲಾಡುವ ಹಲ್ಲು, ಹಿಂದೆ ಮತ್ತು ಕೊಟ್ಟಾಗ ಮನೆಯಲ್ಲಿ ಯಾರಿಗಾದರೂ ಆದ ತೊಂದರೆ ಯಾವುದನ್ನೂ ಮುಚ್ಚಿಡಬಾರದು. ಗಟ್ಟಿ ಆಹಾರ ತಿಂದು 6 ಗಂಟೆಯಾದರೂ ಆಗಿರಬೇಕು, ಬರೀ ನೀರಾದರೆ 2 ಗಂಟೆ. ಎಣ್ಣೆ ತಿಂಡಿ, ಮಾಂಸದೂಟಕ್ಕೆ ಇನ್ನೂ ಹೆಚ್ಚು. "ಅರ್ಧ ಲೋಟ ಕಾಫಿ ತಾನೆ" ಎಂದು ಅಜ್ಜಿ ಗುಟ್ಟಾಗಿ ಕುಡಿಸಿದ ಹಾಲಿನ ಕಾಫಿ ಹೊಟ್ಟೆಯಿಂದ ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ ಯಾವ ಯಂತ್ರವೂ ಸುಲಭವಾಗಿ ಉಳಿಸದು. ಕಾಗದದ ಹಕ್ಕೂ ನಿಮಗಿದೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮದಂತೆ, ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಅರಿವಳಿಕೆ ಪಟ್ಟಿಯನ್ನೂ ಹೆಸರಿಸಿ ಕೇಳಿ.

ಯೂನಿಯನ್ನಿನ ಗೆಳೆಯರೂ ವರ್ತಕ ಸಂಘದವರೂ ಒಂದೊಂದು ಸಮಿತಿ ಮಾಡಿಕೊಂಡು, ತಂತಮ್ಮ ಊರಿನ ಆಸ್ಪತ್ರೆಗೆ ಹೋಗಿ ಈ ಐದು ಬೇಡಿಕೆಗಳನ್ನು ಬರಹದಲ್ಲಿ ಕೊಟ್ಟು, ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ಉತ್ತರ ಬಂದರೆ ಈ ಪತ್ರಿಕೆಗೆ ಕಳಿಸಿ, ಅಚ್ಚು ಹಾಕುತ್ತೇವೆ. ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.

ಎಚ್ಚರವಿದ್ದಾಗ ಕೂಲಿಗಾಗಿ, ಬೋನಸ್ಸಿಗಾಗಿ, ತೆರಿಗೆಗಾಗಿ ನಮ್ಮ ಪರವಾಗಿ ನಾವೇ ಕೂಗುತ್ತೇವೆ. ಮತ್ತಿನಲ್ಲಿ ಮಲಗಿದವನಿಗೆ ದನಿಯಿಲ್ಲ. ಅವನ ಪಾಲಿನ ಕೂಗನ್ನು, ಇಂದು ಎಚ್ಚರವಾಗಿರುವ ನಾವು ಕೂಗಬೇಕು.